ಸ್ಲಾಟ್ ಆಟಕ್ಕೆ ಗಂಟೆಗೆ ಎಷ್ಟು ಖರ್ಚು?

"ಯಾವ ಸ್ಲಾಟ್ ಆಡಿದರೆ ದುಡ್ಡು ಬರುತ್ತದೆ?" ಎಂದು ಕೇಳುವವರು ನಮ್ಮ ಮಂಗಳೂರು, ಉಡುಪಿ ಕಡೆ ಕಡಿಮೆ ಏನಿಲ್ಲ. ಸ್ಲಾಟ್ ಎಂದರೆ ಜೂಜಿನ ಯಂತ್ರ: ದುಡ್ಡು ಕಟ್ಟಿ (ಅದೇ ಬೆಟ್) ಗುಂಡಿ ಒತ್ತಿದರೆ ಚಿತ್ರಗಳಿರುವ ರೀಲುಗಳು ಒಮ್ಮೆ ತಿರುಗುತ್ತವೆ (ಅದೇ ಸ್ಪಿನ್), ಒಂದೇ ಚಿತ್ರ ಸಾಲಾಗಿ ನಿಂತರೆ ದುಡ್ಡು ಬರುತ್ತದೆ. ಇಂಗ್ಲೆಂಡಿನಲ್ಲಿ ನರ್ಸ್ ಆಗಿರುವವರು ಕೇಳುತ್ತಾರೆ, ಹಡಗಿನ ಕೆಲಸಕ್ಕೆ ಹೋದವರು ಕೇಳುತ್ತಾರೆ, ಗೆಳೆಯರ ಗುಂಪು ಕಟ್ಟಿಕೊಂಡು ವಾರದ ಕೊನೆಗೆ ಗೋವಾಕ್ಕೆ ಹೊರಡುವವರೂ ಕೇಳುತ್ತಾರೆ. ಉತ್ತರ ಸಣ್ಣದು. ಯಾವುದರಲ್ಲೂ ಬರುವುದಿಲ್ಲ, ಬಂದದ್ದು ನಿಲ್ಲುವುದಿಲ್ಲ. ಇದಕ್ಕಿಂತ ಉಪಯೋಗಕ್ಕೆ ಬರುವ ಪ್ರಶ್ನೆ ಇನ್ನೊಂದಿದೆ: ಈ ಆಟಕ್ಕೆ ಗಂಟೆಗೆ ನನ್ನ ಜೇಬಿನಿಂದ ಎಷ್ಟು ಹೋಗುತ್ತದೆ, ಅಷ್ಟು ದುಡ್ಡಿಗೆ ಸಿಗುವ ಮಜಾ ಸಾಕಾ? ಇದಕ್ಕಾದರೆ ಲೆಕ್ಕ ಹಾಕಿ ಉತ್ತರ ಹೇಳಬಹುದು. ದೊಡ್ಡ ಗಣಿತ ಬೇಡ, ಗುಣಾಕಾರ ಬಂದರೆ ಸಾಕು.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಇಲ್ಲಿ ಊರಿನಲ್ಲಿ ಕೂತು ಫೋನಿನಲ್ಲಿ ದುಡ್ಡು ಕಟ್ಟಿ ಸ್ಲಾಟ್ ಆಡಲು ಕಾನೂನಿನ ದಾರಿ ಇಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ಪಾಸು ಮಾಡಿತು, ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಬುದ್ಧಿಯ ಆಟವಾ, ಅದೃಷ್ಟದ ಆಟವಾ ಎಂದು ಈ ಕಾಯ್ದೆ ನೋಡುವುದಿಲ್ಲ. ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆನ್‌ಲೈನ್ ಆಟ ಎಂದಾದರೆ ಮುಗಿಯಿತು, ನಿಷೇಧ. ಆಡಿಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಅದರ ಜಾಹೀರಾತಿನಲ್ಲಿ ಕಾಣಿಸಿಕೊಂಡರೂ 2 ವರ್ಷ, 50 ಲಕ್ಷದವರೆಗೆ. ಹಾಗಾಗಿ ಮುಂದಿನ ಲೆಕ್ಕವೆಲ್ಲ ಎರಡು ಬಗೆಯ ಜನರಿಗೆ. ಒಂದು, ಇದು ಕಾನೂನುಬದ್ಧವಾಗಿರುವ ಕಡೆ ಇದ್ದು ಅಥವಾ ಹೋಗಿ ಆಗಾಗ ಸುಮ್ನೆ ಆಡುವವರು. ಇನ್ನೊಂದು, ಆಡದಿದ್ದರೂ ಆ ಯಂತ್ರದ ಒಳಗೆ ಏನು ನಡೆಯುತ್ತದೆ ಎಂಬ ಕುತೂಹಲ ಇರುವವರು. ನಾನು ಎರಡನೆಯ ಗುಂಪಿನವನು.

ರೂಪಾಯಿಯಲ್ಲೇ ಲೆಕ್ಕ ಹಾಕೋಣ, ಪೌಂಡೋ ಯೂರೋವೋ ಆದರೂ ಲೆಕ್ಕ ಬದಲಾಗುವುದಿಲ್ಲ. ಪ್ರತಿ ಸ್ಲಾಟ್‌ಗೂ ಆರ್‌ಟಿಪಿ ಎಂಬ ಒಂದು ಸಂಖ್ಯೆ ಇರುತ್ತದೆ. ಆಡುವವರು ಹಾಕಿದ ಒಟ್ಟು ಬೆಟ್‌ನಲ್ಲಿ ಎಷ್ಟು ಪಾಲು ಗೆಲುವಾಗಿ ಅವರಿಗೇ ಹಿಂದಕ್ಕೆ ಹೋಗುತ್ತದೆ ಎಂಬ ಶೇಕಡಾವಾರು ಅದು. 96 ಎಂದಿದ್ದರೆ 100 ರೂಪಾಯಿಗೆ 96 ಹಿಂದಕ್ಕೆ, 4 ರೂಪಾಯಿ ಮನೆಯವರಿಗೆ. ಇಲ್ಲಿ ಮನೆ ಎಂದರೆ ಆಡಿಸುವ ಕಂಪನಿ.

ಈಗ ಒಂದು ಸ್ಪಿನ್‌ಗೆ 10 ರೂಪಾಯಿ, 6 ಸೆಕೆಂಡಿಗೆ ಒಂದು ಸ್ಪಿನ್ ಎಂದಿಟ್ಟುಕೊಳ್ಳಿ. ಗಂಟೆಗೆ 600 ಸ್ಪಿನ್, ಅಂದರೆ 6,000 ರೂಪಾಯಿ ಬೆಟ್. ಅದರ ಶೇ 4 ಎಂದರೆ 240 ರೂಪಾಯಿ. ಅದು ನಿಮ್ಮ ಒಂದು ಗಂಟೆಯ ಸರಾಸರಿ ಖರ್ಚು. ಆರ್‌ಟಿಪಿ 92 ಇರುವ ಯಂತ್ರವಾದರೆ 480. 88 ಆದರೆ 720. ಹೊರಗಿನಿಂದ ನೋಡಿದರೆ ಮೂರೂ ಒಂದೇ ತರಹ ಇರಬಹುದು, ಅದೇ ಬಣ್ಣ, ಅದೇ ಸದ್ದು. 96 ಮತ್ತು 92ರ ನಡುವೆ ಎಂತ ದೊಡ್ಡ ವ್ಯತ್ಯಾಸ ಎಂದು ಅನ್ನಿಸುತ್ತದೆ, ಅಲ್ವಾ? ನೀವು ಕೊಡುವ ಬೆಲೆ ಸರೀ ಎರಡು ಪಟ್ಟು. ಶೇಕಡಾ 96 ಎಂಬ ಅಂಕಿಯನ್ನು ನೋಡಬೇಡಿ, 100ರಿಂದ ಅದನ್ನು ಕಳೆದು ಉಳಿದ 4 ನೋಡಿ. ನಿಮಗೆ ಬೀಳುವ ಬೆಲೆ ಅದು.

ವೇಗವೂ ಬೆಲೆಯೇ. ಬೆರಳು ತೆಗೆಯದೆ ಎರಡೂವರೆ ಸೆಕೆಂಡಿಗೆ ಒಂದರಂತೆ ಒತ್ತುತ್ತಾ ಹೋದರೆ ಗಂಟೆಗೆ 1,440 ಸ್ಪಿನ್. ಅದೇ 10 ರೂಪಾಯಿ, ಅದೇ 96ರ ಯಂತ್ರ, ಆದರೆ ಖರ್ಚು 240ರಿಂದ 576ಕ್ಕೆ ಏರಿತು. ನಿಧಾನ ಆಡುವವನಿಗೆ ಸಿಗುವುದೂ ಅದೇ ಒಂದು ಗಂಟೆಯ ಮಜಾ. ಬೆಟ್ ಎಷ್ಟು, ವೇಗ ಎಷ್ಟು, ಆರ್‌ಟಿಪಿ ಎಷ್ಟು: ನಿಮ್ಮ ಕೈಯಲ್ಲಿ ಇರುವುದು ಈ ಮೂರೇ. ಉಳಿದದ್ದೆಲ್ಲ ಅದೃಷ್ಟ.

"100 ಹಾಕಿದರೆ 96 ವಾಪಸ್ ಬರುತ್ತದೆ ಅಂದ್ರಿ, ಮತ್ತೆ ನನ್ನ 1,000 ಹೇಗೆ ಪೂರ್ತಿ ಹೋಯಿತು?" ಇದು ನ್ಯಾಯವಾದ ಪ್ರಶ್ನೆ. ಶೇ 4 ಕಡಿತ ನೀವು ತಂದ ದುಡ್ಡಿನ ಮೇಲಲ್ಲ, ಹಾಕುವ ಪ್ರತಿ ಬೆಟ್‌ನ ಮೇಲೆ. 1,000 ರೂಪಾಯಿಯನ್ನು ಒಂದು ಸುತ್ತು ಆಡಿದರೆ ಸರಾಸರಿ 960 ಉಳಿಯುತ್ತದೆ. ಯಾರೂ ಅಲ್ಲಿಗೆ ಎದ್ದು ಹೋಗುವುದಿಲ್ಲ. ಆ 960ನ್ನೂ ಆಡುತ್ತಾರೆ, 922 ಆಗುತ್ತದೆ, ಅದನ್ನೂ ಆಡುತ್ತಾರೆ. ಹೀಗೆ 10 ಸುತ್ತಿಗೆ 665, 20 ಸುತ್ತಿಗೆ 442. ಅದೇ 92ರ ಯಂತ್ರದಲ್ಲಿ 20 ಸುತ್ತು ಆದರೆ ಉಳಿಯುವುದು 189. ಗೆದ್ದ ದುಡ್ಡನ್ನೂ ಅದರೊಳಗೇ ತಿರುಗಿಸುತ್ತಾ ಹೋದರೆ ಖಾಲಿಯಾಗುವುದು ತಡವಾಗುತ್ತದೆ ಅಷ್ಟೇ.

ಈ ಸರಾಸರಿ ಎಂಬುದು ಎಲ್ಲಿಂದ ಬರುತ್ತದೆ ಎಂದು ನೋಡಲು ನಾವೇ ಒಂದು ಯಂತ್ರ ಮಾಡೋಣ. ಊರಿನದ್ದೇ ಚಿತ್ರ ಹಾಕೋಣ. ಮೂರು ರೀಲ್, ಒಂದೊಂದರಲ್ಲಿ 10 ಮನೆ (ಇಲ್ಲಿ ಮನೆ ಎಂದರೆ ಚಿತ್ರದ ಜಾಗ): ಯಕ್ಷಗಾನದ ಕಿರೀಟ ಒಂದು, ಕಂಬಳದ ಕೋಣ ಎರಡು, ಶಂಕರಪುರ ಮಲ್ಲಿಗೆ ಮೂರು, ಬಂಗುಡೆ ಮೀನು ನಾಲ್ಕು. ಮೂರು ರೀಲಿಗೆ ಒಟ್ಟು 10 ಗುಣಿಲೆ 10 ಗುಣಿಲೆ 10, ಅಂದರೆ 1,000 ಬಗೆಯಲ್ಲಿ ನಿಲ್ಲಬಹುದು. ಮೂರೂ ಕಿರೀಟ ಬರುವುದು 1,000ಕ್ಕೆ 1 ಸಲ. ಮೂರು ಕೋಣ 8 ಸಲ, ಮೂರು ಮಲ್ಲಿಗೆ 27 ಸಲ, ಮೂರು ಬಂಗುಡೆ 64 ಸಲ. ಸ್ಪಿನ್‌ಗೆ 1 ರೂಪಾಯಿ ಇಡೋಣ. ಕಿರೀಟಕ್ಕೆ 200 ರೂಪಾಯಿ, ಕೋಣಕ್ಕೆ 36, ಮಲ್ಲಿಗೆಗೆ 8, ಬಂಗುಡೆಗೆ 4 ಕೊಡೋಣ. ಈಗ ಕೂಡಿಸಿ: 200, ಆಮೇಲೆ 8 ಸಲ 36 ಎಂದರೆ 288, 27 ಸಲ 8 ಎಂದರೆ 216, 64 ಸಲ 4 ಎಂದರೆ 256. ಒಟ್ಟು 960. ಸಾವಿರ ಹಾಕಿದರೆ 960 ಹಿಂದಕ್ಕೆ, ಆರ್‌ಟಿಪಿ 96 ಆಯಿತು. ಏನಾದರೊಂದು ಗೆಲುವು ಬರುವುದು 1,000ಕ್ಕೆ 100 ಸಲ, ಹತ್ತರಲ್ಲಿ ಒಂದು.

ಈಗ ಮಾಲೀಕನಿಗೆ ಲಾಭ ಸಾಲದು ಅನ್ನಿಸಿತು. ಬಹುಮಾನದ ಪಟ್ಟಿಯನ್ನು ಆತ ಮುಟ್ಟುವುದಿಲ್ಲ, ಮುಟ್ಟಿದರೆ ಕಣ್ಣಿಗೆ ಬೀಳುತ್ತದೆ. ಮೂರನೆಯ ರೀಲಿನಲ್ಲಿ ಒಂದು ಕೋಣ ತೆಗೆದು ಒಂದು ಬಂಗುಡೆ ಹಾಕುತ್ತಾನೆ, ಅಷ್ಟೇ. ಮೂರು ಕೋಣ ಈಗ 8ರ ಬದಲು 4 ಸಲ, ಮೂರು ಬಂಗುಡೆ 64ರ ಬದಲು 80 ಸಲ. ಲೆಕ್ಕ ಹಾಕಿ: 200, 144, 216, 320. ಒಟ್ಟು 880. ಆರ್‌ಟಿಪಿ 96ರಿಂದ 88ಕ್ಕೆ ಇಳಿಯಿತು, ಆಡುವವನ ಖರ್ಚು ಮೂರು ಪಟ್ಟಾಯಿತು. ಆದರೆ ಗೆಲುವು ಬರುವುದು 100 ಸಲದಿಂದ 112 ಸಲಕ್ಕೆ ಏರಿತು! ಅಂದರೆ ಯಂತ್ರ ಕೆಟ್ಟದಾಯಿತು, ಆದರೆ ಮೊದಲಿಗಿಂತ ಜಾಸ್ತಿ ಸಲ ಗಂಟೆ ಬಾರಿಸುತ್ತದೆ. "ಇದರಲ್ಲಿ ಆಗಾಗ ಬೀಳುತ್ತಾ ಇರುತ್ತದೆ ಮಾರಾಯ್ರೆ, ಒಳ್ಳೆ ಮೆಷಿನ್" ಎಂದು ಯಾರಾದರೂ ಹೇಳಿದರೆ ಈ ಬಂಗುಡೆ ಲೆಕ್ಕ ನೆನಪಿಡಿ. ಆಗಾಗ ಬೀಳುವುದಕ್ಕೂ ಒಟ್ಟು ಎಷ್ಟು ಬರುತ್ತದೆ ಎಂಬುದಕ್ಕೂ ಸಂಬಂಧ ಇರಲೇಬೇಕೆಂದಿಲ್ಲ. ನನ್ನ ಮಟ್ಟಿಗೆ ಸ್ಲಾಟ್ ಬಗ್ಗೆ ಜನ ಮಾಡಿಕೊಳ್ಳುವ ತಪ್ಪು ತಿಳುವಳಿಕೆಗಳಲ್ಲಿ ದೊಡ್ಡದು ಇದೇ.

ಇನ್ನೊಂದು ಆಟ ಆಡಿಸೋಣ. ರೀಲುಗಳನ್ನು ಮೊದಲಿನಂತೆ ಇಟ್ಟು ಬಹುಮಾನ ಬದಲಿಸೋಣ: ಕಿರೀಟಕ್ಕೆ 500, ಕೋಣಕ್ಕೆ 20, ಮಲ್ಲಿಗೆಗೆ 4, ಬಂಗುಡೆಗೆ 3. ಕೂಡಿಸಿದರೆ 500, 160, 108, 192. ಮತ್ತೆ 960, ಮತ್ತೆ 96. ಕಾಗದದಲ್ಲಿ ಎರಡೂ ಯಂತ್ರ ಸಮ. ಆದರೆ ಎರಡನೆಯದರಲ್ಲಿ ಹಿಂದಕ್ಕೆ ಬರುವ ದುಡ್ಡಿನ ಅರ್ಧಕ್ಕಿಂತ ಜಾಸ್ತಿ, 1,000ಕ್ಕೆ ಒಂದು ಸಲ ಬರುವ ಆ ಕಿರೀಟದಲ್ಲೇ ಕೂತಿದೆ. ಒಂದು ಸಂಜೆ 300 ಸ್ಪಿನ್ ಆಡಿದರೆ ಕಿರೀಟ ಒಮ್ಮೆಯೂ ಬಾರದಿರುವ ಸಾಧ್ಯತೆ ಶೇ 74. ಹಾಗೆ ಬಾರದೇ ಹೋದವರಿಗೆ ಮೊದಲ ಯಂತ್ರ ಸರಾಸರಿ 100ಕ್ಕೆ 76 ಕೊಡುತ್ತದೆ. ಎರಡನೆಯದು ಕೊಡುವುದು 46. ಹೆಸರಿಗೆ 96ರ ಯಂತ್ರ, ಆದರೆ ಸಂಜೆಗೆ ಬಂದ ನಾಲ್ವರಲ್ಲಿ ಮೂವರಿಗೆ ಅದು 46ರ ಯಂತ್ರ. ಉಳಿದ ಒಬ್ಬ ಊರೆಲ್ಲ ಹೇಳಿಕೊಂಡು ಬರುತ್ತಾನೆ.

ದುಡ್ಡು ಆಗಾಗ ಸಣ್ಣದಾಗಿ ಬರುತ್ತದಾ, ಅಪರೂಪಕ್ಕೆ ದೊಡ್ಡದಾಗಿ ಬರುತ್ತದಾ ಎಂಬ ಈ ಗುಣಕ್ಕೆ ವೊಲಾಟಿಲಿಟಿ ಎನ್ನುತ್ತಾರೆ. ಆಟದ ಮಾಹಿತಿ ಪುಟದಲ್ಲಿ ಲೋ, ಮೀಡಿಯಂ, ಹೈ ಎಂದು ಬರೆದಿರುತ್ತಾರೆ. ಕಡಿಮೆ ದುಡ್ಡು ಇಟ್ಟುಕೊಂಡು ಜಾಸ್ತಿ ಹೊತ್ತು ಕೂರಬೇಕು ಎನ್ನುವವರಿಗೆ ಲೋ ಇರುವುದೇ ಸರಿ. 2012ರಿಂದ ಇರುವ ಸ್ಟಾರ್‌ಬರ್ಸ್ಟ್ ಎಂಬ ಸ್ಲಾಟ್ ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ. ಆರ್‌ಟಿಪಿ 96ರ ಆಸುಪಾಸು, ದೊಡ್ಡ ಗೆಲುವೂ ಇಲ್ಲ, ದೊಡ್ಡ ಹೊಡೆತವೂ ಇಲ್ಲ. ಹೈ ಇರುವ ಆಟಕ್ಕೆ ಸಣ್ಣ ದುಡ್ಡು ಹಿಡಿದುಕೊಂಡು ಹೋದರೆ, ಅದರಲ್ಲಿ ಮಜಾ ಎಂದು ಇರುವ ಬೋನಸ್ ಸುತ್ತು ನೋಡುವ ಮೊದಲೇ ಕೈ ಖಾಲಿ. ಹಾಗೆ ಆದರೆ ಆ ದುಡ್ಡಿಗೆ ಬೆಲೆ ಸಿಕ್ಕಿತು ಎಂದು ಹೇಗೆ ಹೇಳುವುದು?

ನಾವು ಮಾಡಿದ ಯಂತ್ರದಲ್ಲಿ ರೀಲಿನ ಮನೆಗಳನ್ನು ಎಣಿಸಬಹುದಿತ್ತು. ನಿಜವಾದ ಯಂತ್ರದಲ್ಲಿ ಅದು ಆಗುವುದಿಲ್ಲ, ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1890ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಚಾರ್ಲ್ಸ್ ಫೇ ಎಂಬ ಮೆಕ್ಯಾನಿಕ್ ಮಾಡಿದ ಲಿಬರ್ಟಿ ಬೆಲ್ ಮೂರು ರೀಲಿನ ಕಬ್ಬಿಣದ ಯಂತ್ರ. ಅಂಥ ಯಂತ್ರದ ರೀಲಿಗೆ 20 ಮನೆ ಎಂದರೆ ಒಟ್ಟು 8,000 ಸಾಧ್ಯತೆ, ಅದಕ್ಕಿಂತ ಅಪರೂಪದ ಜಾಕ್‌ಪಾಟ್ ಇಡಲು ಆಗುತ್ತಿರಲಿಲ್ಲ, ಇಟ್ಟರೆ ರೀಲು ಬಂಡಿಚಕ್ರದಷ್ಟು ದೊಡ್ಡದಾಗಬೇಕು. 1984ರಲ್ಲಿ ಇಂಗೆ ಟೆಲ್ನೆಸ್ ಎಂಬವರಿಗೆ ಒಂದು ಪೇಟೆಂಟ್ ಸಿಕ್ಕಿತು. ಎಲ್ಲಿ ನಿಲ್ಲಬೇಕು ಎಂದು ಕಂಪ್ಯೂಟರ್ ಒಂದು ಯಾದೃಚ್ಛಿಕ ಸಂಖ್ಯೆ ಹೆಕ್ಕಿ ಮೊದಲೇ ತೀರ್ಮಾನ ಮಾಡುತ್ತದೆ, ರೀಲು ತಿರುಗುವುದು ಆ ತೀರ್ಮಾನವನ್ನು ತೋರಿಸಲು ಮಾತ್ರ. ಕಾಣುವ ರೀಲಿನ ಹಿಂದೆ ಕಾಣದ ರೀಲು. ಅದರಲ್ಲಿ 64 ಮನೆ ಇಟ್ಟರೆ ಸಾಧ್ಯತೆ 2,62,144. ಕಣ್ಣಿಗೆ ಕಾಣುವ ಕಿರೀಟ 20ರಲ್ಲಿ ಒಂದು ಎಂದು ತೋರುತ್ತದೆ, ಒಳಗೆ ಅದು 64ರಲ್ಲಿ ಒಂದು. ಇವತ್ತಿನ ಫೋನಿನ ಸ್ಲಾಟ್ ಇದೇ ವಂಶದ್ದು. ನೀವು ಒತ್ತಿದ ಕ್ಷಣಕ್ಕೇ ಫಲಿತಾಂಶ ಆಗಿ ಹೋಗಿರುತ್ತದೆ. ನಡುವೆ ಮತ್ತೆ ಒತ್ತಿ ನಿಲ್ಲಿಸುವುದರಿಂದ ಏನೂ ಬದಲಾಗದು, ಗಂಟೆಗೆ ಆಗುವ ಸ್ಪಿನ್ ಮಾತ್ರ ಜಾಸ್ತಿಯಾಗುತ್ತದೆ.

ಅದಕ್ಕೇ ಬರೆದದ್ದನ್ನು ಓದುವುದೊಂದೇ ದಾರಿ. ಒಂದೇ ಹೆಸರಿನ ಆಟಕ್ಕೆ ಕಂಪನಿಗಳು ಬೇರೆ ಬೇರೆ ಆರ್‌ಟಿಪಿಯ ಆವೃತ್ತಿ ಮಾಡಿ ಕೊಡುತ್ತವೆ, ಯಾವುದು ಬೇಕು ಎಂದು ಆಡಿಸುವ ಸೈಟು ಆರಿಸಿಕೊಳ್ಳುತ್ತದೆ. ಬುಕ್ ಆಫ್ ಡೆಡ್ ಎಂಬ ಹೆಸರುವಾಸಿ ಸ್ಲಾಟ್‌ನ ಮೂಲ ಆವೃತ್ತಿ 96.21. ಅದರದ್ದೇ 94, 91ರ ಆಸುಪಾಸಿನ ಆವೃತ್ತಿಗಳೂ ಇವೆ, ಇನ್ನೂ ಕೆಳಗಿನವೂ ಇವೆ. ಹಾಗಾಗಿ ಬೇರೆಲ್ಲೋ ಓದಿದ "ಈ ಆಟಕ್ಕೆ 96" ಎಂಬ ಮಾತಿಗೆ ಬೆಲೆ ಇಲ್ಲ. ನೀವು ಆಡುವ ಸೈಟಿನಲ್ಲೇ ಆ ಆಟ ತೆರೆದು, ಪ್ರಶ್ನಾರ್ಥಕ ಚಿಹ್ನೆಯನ್ನೋ ಮೂರು ಗೆರೆಯನ್ನೋ ಒತ್ತಿ, ನಿಯಮದ ಪುಟದ ಕೊನೆತನಕ ಹೋಗಿ ಅಲ್ಲಿರುವ ಅಂಕಿ ನೋಡಬೇಕು. ಬ್ರಿಟನ್‌ನಂಥ ಕಡೆ ಅದನ್ನು ತೋರಿಸಲೇಬೇಕು. ಹುಡುಕಿದರೂ ಸಿಗದಿದ್ದರೆ ಆ ಆಟ ಬಿಟ್ಟುಬಿಡಿ. ಕ್ಯಾಸಿನೋ ಕಟ್ಟಡದೊಳಗಿನ ಯಂತ್ರಗಳ ಕತೆ ಇನ್ನೂ ಬಿಗಿ: ಅಮೆರಿಕದ ನೆವಾಡಾದಲ್ಲಿ ಕಾನೂನು ಕೇಳುವ ಕನಿಷ್ಠ ಶೇ 75, ನ್ಯೂಜೆರ್ಸಿಯಲ್ಲಿ ಶೇ 83. ಹೆಚ್ಚಿನವು ಅದಕ್ಕಿಂತ ಮೇಲೇ ಇರುತ್ತವೆ, ಆದರೆ ನಿಮ್ಮೆದುರಿನ ಯಂತ್ರ ಎಷ್ಟರದ್ದು ಎಂದು ಹೊರಗೆ ಬರೆದಿರುವುದಿಲ್ಲ.

"ಇಷ್ಟು ಹೊತ್ತು ಬಂದಿಲ್ಲ, ಇನ್ನು ಬರಲೇಬೇಕು" ಎಂಬ ಮಾತಿದೆಯಲ್ಲ, ಅದು ನಮ್ಮ ಕಡೆಯ ಉಲಾಯಿ-ಪಿದಾಯಿ (ಅಂದರ್-ಬಾಹರ್ ಇಸ್ಪೀಟು) ಅಡ್ಡೆಯಿಂದ ಹಿಡಿದು ಲಾಸ್ ವೇಗಸ್‌ವರೆಗೆ ಎಲ್ಲ ಕಡೆ ಇರುವ ಮಾತು. ಇಸ್ಪೀಟಿನಲ್ಲಾದರೂ ಕಟ್ಟಿನಿಂದ ಎಲೆ ಹೊರಗೆ ಬಿದ್ದಂತೆ ಉಳಿದ ಕಟ್ಟು ಬದಲಾಗುತ್ತದೆ. ಸ್ಲಾಟ್‌ನಲ್ಲಿ ಪ್ರತಿ ಸ್ಪಿನ್‌ಗೂ ಕಟ್ಟು ಹೊಸದು. ಕಳೆದ 500 ಸಲ ಏನಾಯಿತು ಎಂದು ಅದಕ್ಕೆ ಗೊತ್ತಿಲ್ಲ. ಹಾಗಾದರೆ ಲಕ್ಷಗಟ್ಟಲೆ ಸ್ಪಿನ್‌ನ ಮೇಲೆ ಸರಾಸರಿ 96ಕ್ಕೆ ಹೇಗೆ ಬಂದು ನಿಲ್ಲುತ್ತದೆ? ನಿಮ್ಮ ನಷ್ಟವನ್ನು ಯಂತ್ರ ಆಮೇಲೆ ತುಂಬಿಕೊಡುವುದರಿಂದಲ್ಲ. ಮುಂದೆ ಬರುವ ಲಕ್ಷಾಂತರ ಸ್ಪಿನ್‌ಗಳ ಎದುರು ನಿಮ್ಮ ಆ 500 ಲೆಕ್ಕಕ್ಕೇ ಸಿಗದಷ್ಟು ಸಣ್ಣದಾಗುವುದರಿಂದ. ಆ ಲಕ್ಷಾಂತರ ಸ್ಪಿನ್ ಆಡುವವರು ಬೇರೆಯವರು. ರಾತ್ರಿ ಆಡಿದರೆ ಒಳ್ಳೆಯದು, ಬೆಟ್ ಏರಿಸಿ ಇಳಿಸಿ ಮಾಡಬೇಕು, ಯಂತ್ರ ಬಿಸಿಯಾಗಿದೆ, ತಣ್ಣಗಾಗಿದೆ ಎಂಬುದೆಲ್ಲ ಸುಮ್ನೆ.

ಮನಸ್ಸನ್ನು ಮೋಸ ಮಾಡುವ ಇನ್ನೊಂದು ವ್ಯವಸ್ಥೆ ಇದೆ. ಹೊಸ ಸ್ಲಾಟ್‌ಗಳಲ್ಲಿ ಒಂದೇ ಸಲ 20 ಲೈನ್ (ಚಿತ್ರ ಹೊಂದಬೇಕಾದ ಸಾಲು), ಲೈನ್‌ಗೆ 1 ರೂಪಾಯಿ ಎಂದರೆ ಸ್ಪಿನ್‌ಗೆ 20 ರೂಪಾಯಿ. ಯಾವುದೋ ಒಂದು ಲೈನ್‌ನಲ್ಲಿ 6 ರೂಪಾಯಿ ಬಂತು. ದೀಪ ಮಿನುಗುತ್ತದೆ, ಹಾಡು ಬರುತ್ತದೆ, "ಗೆಲುವು 6" ಎಂದು ಅಂಕಿ ಓಡುತ್ತದೆ. ಹೋದದ್ದು 14 ರೂಪಾಯಿ! ಗೆಲುವಿನ ವೇಷ ಹಾಕಿದ ಸೋಲು ಇದು. ಬ್ರಿಟನ್‌ನ ಗ್ಯಾಂಬ್ಲಿಂಗ್ ಕಮಿಷನ್ 2021ರ ಅಕ್ಟೋಬರ್ ಕೊನೆಯಿಂದ ಆನ್‌ಲೈನ್ ಸ್ಲಾಟ್‌ಗಳಲ್ಲಿ ಇದಕ್ಕೆ ತಡೆ ಹಾಕಿತು. ಬೆಟ್‌ಗಿಂತ ಕಡಿಮೆ ಬಂದಾಗ ಸಂಭ್ರಮದ ಸದ್ದು, ಚಿತ್ರ ಹಾಕುವಂತಿಲ್ಲ. ಜೊತೆಗೆ ತನ್ನಿಂದ ತಾನೇ ತಿರುಗುವ ಆಟೋಪ್ಲೇ ಇಲ್ಲ, ಒಂದು ಸ್ಪಿನ್‌ಗೆ ಕನಿಷ್ಠ 2.5 ಸೆಕೆಂಡ್ ಆಗಲೇಬೇಕು. 2025ರಲ್ಲಿ ಬೆಟ್‌ಗೂ ಮಿತಿ ಬಂತು: ಸ್ಪಿನ್‌ಗೆ ಹೆಚ್ಚೆಂದರೆ 5 ಪೌಂಡ್, 18ರಿಂದ 24 ವರ್ಷದವರಿಗೆ 2 ಪೌಂಡ್. ಮೇಲೆ ಹೇಳಿದ ಗಂಟೆಯ ಲೆಕ್ಕದ ಜೊತೆ ಇಟ್ಟು ನೋಡಿದರೆ ಈ ನಿಯಮಗಳೆಲ್ಲ ಹಿಡಿದಿರುವುದು ಅದೇ ಬೆಟ್ ಮತ್ತು ವೇಗದ ಕುತ್ತಿಗೆಯನ್ನೇ. ಅಲ್ಲಿರುವ ನಮ್ಮವರಿಗೆ ಇದು ಪುಕ್ಕಟೆ ರಕ್ಷಣೆ. ಲೈಸೆನ್ಸ್ ಇಲ್ಲದ ಸೈಟಿಗೆ ಹೋದರೆ ಇಷ್ಟೂ ಕೈಬಿಟ್ಟ ಹಾಗೆ.

ಸೈಟುಗಳು ಕೊಡುವ ಬೋನಸ್ ವಿಷಯಕ್ಕೆ ಬರೋಣ. "1,000 ಹಾಕಿ, ಇನ್ನೊಂದು 1,000 ನಮ್ಮದು" ಎನ್ನುತ್ತಾರೆ. ಹಲವು ಕಡೆ ಕೆಳಗೆ ಸಣ್ಣ ಅಕ್ಷರದಲ್ಲಿ 35 ಪಟ್ಟು ಎಂದು ಇರುತ್ತದೆ. ಬೋನಸ್ ದುಡ್ಡು ಕೈಗೆ ಬರಬೇಕಾದರೆ ಅದರ 35 ಪಟ್ಟು, ಅಂದರೆ 35,000 ರೂಪಾಯಿಯ ಬೆಟ್ ಆಡಿರಬೇಕು. 96ರ ಯಂತ್ರದಲ್ಲಿ 35,000ಕ್ಕೆ ಸರಾಸರಿ ಖರ್ಚು 1,400. 1,000ದ ಉಡುಗೊರೆಗೆ 1,400ರ ಖರ್ಚು. ಕೆಲವು ಕಡೆ ಬೋನಸ್ ಮತ್ತು ನೀವು ಹಾಕಿದ್ದು ಎರಡನ್ನೂ ಕೂಡಿಸಿ 35 ಪಟ್ಟು ಎನ್ನುತ್ತಾರೆ, ಆಗ 70,000 ಬೆಟ್, 2,800 ಖರ್ಚು. ಇದೇ 10 ಪಟ್ಟು ಆದರೆ 10,000 ಬೆಟ್, 400 ಖರ್ಚು, ಸರಾಸರಿ 600 ನಿಮ್ಮ ಕಡೆಗೆ ಉಳಿಯುತ್ತದೆ. ಬೋನಸ್ ಮೊತ್ತವನ್ನು ಪಟ್ಟಿನಿಂದ ಗುಣಿಸಿ, ಅದರ ಶೇ 4 ಎಷ್ಟು ಎಂದು ನೋಡಿ, ಬೋನಸ್‌ಗಿಂತ ಜಾಸ್ತಿಯಾದರೆ ಬೇಡ ಎನ್ನಿ. ಗೆದ್ದರೂ ಇಷ್ಟೇ ತೆಗೆಯಬಹುದು ಎಂಬ ಮಿತಿ, ಇಷ್ಟು ದಿನದೊಳಗೆ ಆಡಬೇಕು ಎಂಬ ಷರತ್ತು, ಇಷ್ಟಕ್ಕಿಂತ ದೊಡ್ಡ ಬೆಟ್ ಹಾಕಿದರೆ ಎಲ್ಲ ರದ್ದು ಎಂಬ ಷರತ್ತು, ಇವೂ ಇರುತ್ತವೆ. ಬೋನಸ್ ತೆಗೆದುಕೊಳ್ಳದೆ ಆಡುವ ಆಯ್ಕೆಯೂ ಇರುತ್ತದೆ, ಆಗ ಬಂದದ್ದನ್ನು ಯಾವಾಗ ಬೇಕಾದರೂ ತೆಗೆಯಬಹುದು. ಸುಮ್ನೆ ಒಂದು ಗಂಟೆ ಆಡುವವರಿಗೆ ಅದೇ ಲೇಸು ಎಂದು ನನಗೆ ಅನ್ನಿಸುತ್ತದೆ.

ದೊಡ್ಡ ಜಾಕ್‌ಪಾಟ್ ಸ್ಲಾಟ್‌ಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎಲ್ಲರ ಬೆಟ್‌ನಿಂದ ಚೂರು ಚೂರು ತೆಗೆದು ಒಂದು ಹುಂಡಿಗೆ ಹಾಕುತ್ತಾರೆ, ಅದು ಎಲ್ಲೋ ಒಬ್ಬನಿಗೆ ಹೋಗುತ್ತದೆ. ಮೆಗಾ ಮೂಲಾ ಎಂಬ ಪ್ರಸಿದ್ಧ ಆಟದ ಆರ್‌ಟಿಪಿ ಎಂದು ಹೇಳುತ್ತಿದ್ದದ್ದು 88ರ ಆಸುಪಾಸು. ಗಂಟೆಗೆ 720 ರೂಪಾಯಿಯ ಲೆಕ್ಕ ಅದು. ತಲಪಾಡಿ ದಾಟಿ ಮಂಜೇಶ್ವರದಲ್ಲಿ ಕೇರಳ ಲಾಟರಿ ಟಿಕೆಟ್ ಕೊಳ್ಳುವವರಿಗೆ ಈ ವ್ಯಾಪಾರ ಹೊಸದಲ್ಲ. ಆದರೆ ಟಿಕೆಟ್ ಕೊಂಡವನು 6 ಸೆಕೆಂಡಿಗೊಮ್ಮೆ ಇನ್ನೊಂದು ಕೊಳ್ಳುವುದಿಲ್ಲ.

ಈಗ ನಮ್ಮ ಊರಿನ ಫೋನುಗಳಿಗೆ ಬರುವ ಲಿಂಕ್‌ಗಳ ಮಾತು. ವಾಟ್ಸ್ಆ್ಯಪ್‌ನಲ್ಲೋ ಟೆಲಿಗ್ರಾಂನಲ್ಲೋ ಒಂದು ಲಿಂಕ್ ಬರುತ್ತದೆ, ಪ್ಲೇ ಸ್ಟೋರ್‌ನಲ್ಲಿ ಇಲ್ಲದ ಎಪಿಕೆ (ಆ್ಯಪ್‌ನ ಫೈಲ್) ಹಾಕಿಕೊಳ್ಳಲು ಹೇಳುತ್ತಾರೆ, ದುಡ್ಡು ಯಾರದೋ ಹೆಸರಿನ ಯುಪಿಐಗೆ ಹೋಗಬೇಕು, ಮರುದಿನ ಆ ಯುಪಿಐ ಬದಲಾಗಿರುತ್ತದೆ. ಇಲ್ಲಿ ಮೇಲೆ ಹಾಕಿದ ಒಂದು ಲೆಕ್ಕವೂ ನಡೆಯುವುದಿಲ್ಲ. ಆರ್‌ಟಿಪಿ ಎಂದು ಅಂಕಿ ಬರೆದಿದ್ದರೂ ಅದನ್ನು ಪರೀಕ್ಷೆ ಮಾಡಿದವರು ಯಾರೂ ಇಲ್ಲ. ಲೈಸೆನ್ಸ್ ಇರುವ ಕಡೆ ಇಕೋಗ್ರಾ, ಜಿಎಲ್‌ಐಯಂಥ ಪ್ರಯೋಗಾಲಯಗಳು ಆಟದ ಕೋಡ್ ಪರೀಕ್ಷಿಸುತ್ತವೆ. ಇಲ್ಲಿ ಕಾಣುವುದು ಪ್ರಸಿದ್ಧ ಆಟದ ಚಿತ್ರ ಕದ್ದು ಮಾಡಿದ ನಕಲಿಯೂ ಆಗಿರಬಹುದು. ಮೊದಲು 500 ಗೆಲ್ಲಿಸುತ್ತಾರೆ, ಅದು ಖಾತೆಗೂ ಬರುತ್ತದೆ, ನಂಬಿಕೆ ಹುಟ್ಟುತ್ತದೆ. ಆಮೇಲೆ 50,000 ಗೆದ್ದಂತೆ ತೋರಿಸಿ, ತೆಗೆಯಬೇಕಾದರೆ ಮೊದಲು ಟ್ಯಾಕ್ಸ್ ಎಂದು 8,000 ಹಾಕಿ ಎನ್ನುತ್ತಾರೆ. ತೆರಿಗೆಯನ್ನು ಹೀಗೆ ಯಾರದೋ ಯುಪಿಐಗೆ ಕಟ್ಟುವ ಪದ್ಧತಿ ಎಲ್ಲೂ ಇಲ್ಲ. ವಿತ್‌ಡ್ರಾ ಆಗದ ದುಡ್ಡಿಗೆ ಆರ್‌ಟಿಪಿ ಎಷ್ಟಿದ್ದರೇನು, ಅದು ಸೊನ್ನೆಯೇ.

ಇದರ ಇನ್ನೊಂದು ತುದಿಯಲ್ಲಿ ಕಾಲೇಜು ಹುಡುಗರು ಸಿಕ್ಕಿಕೊಳ್ಳುತ್ತಾರೆ. "ನಿನ್ನ ಬ್ಯಾಂಕ್ ಖಾತೆ, ಸಿಮ್ ಕೊಡು, ತಿಂಗಳಿಗೆ ಇಷ್ಟು ಕೊಡುತ್ತೇವೆ" ಎಂದು ಯಾರೋ ಕೇಳುತ್ತಾರೆ. ಆ ಖಾತೆಗೆ ಬೀಳುವುದು ಇಂಥ ಆಟದ ದುಡ್ಡು, ವಂಚನೆಯ ದುಡ್ಡು. ಪೊಲೀಸರು ಹುಡುಕಿಕೊಂಡು ಬರುವುದು ಖಾತೆಯಲ್ಲಿ ಹೆಸರು ಇರುವವನ ಮನೆಗೆ. ದುಡ್ಡು ಹೋದವರು ತಡ ಮಾಡದೆ 1930ಕ್ಕೆ ಕರೆ ಮಾಡಬೇಕು, ಬೇಗ ಹೇಳಿದಷ್ಟೂ ಆ ದುಡ್ಡನ್ನು ಮಧ್ಯದಲ್ಲಿ ತಡೆಹಿಡಿಯುವ ಸಾಧ್ಯತೆ ಜಾಸ್ತಿ. ಮಂಗಳೂರಿನಲ್ಲೂ ಉಡುಪಿಯಲ್ಲೂ ಸೈಬರ್ ಅಪರಾಧ ನೋಡುವ ಸೆನ್ ಪೊಲೀಸ್ ಠಾಣೆ ಇದೆ. ನಾಚಿಕೆಯಿಂದ ಮನೆಯಲ್ಲಿ ಹೇಳದೆ, ಹೋದದ್ದನ್ನು ಹಿಡಿಯಲು ಸಾಲ ಮಾಡುವ ಹಂತಕ್ಕೆ ಬಂದವರಿಗೆ ಲೆಕ್ಕದ ಪಾಠದಿಂದ ಪ್ರಯೋಜನ ಇಲ್ಲ, ಅವರಿಗೆ ಮಾತಾಡಲು ಒಬ್ಬರು ಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಇಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಫೋನ್, ಗೇಮ್ ಚಟಕ್ಕೆಂದೇ ಶಟ್ ಕ್ಲಿನಿಕ್ 2014ರಿಂದ ಇದೆ.

ಗೋವಾಕ್ಕೆ ಹೋಗುವವರಿಗೆ ಆರ್‌ಟಿಪಿಯ ಮೇಲೆ ಇನ್ನೊಂದು ಲೆಕ್ಕ ಇದೆ, ತೆರಿಗೆಯದ್ದು. ಅಲ್ಲಿ ಕ್ಯಾಸಿನೋ ಕಾನೂನುಬದ್ಧ, 21 ದಾಟಿರಬೇಕು. 2025ರ ಸೆಪ್ಟೆಂಬರ್ 22ರಿಂದ ಕ್ಯಾಸಿನೋಗೆ ಜಿಎಸ್‌ಟಿ ಶೇ 40. ಅದು ಬೀಳುವುದು ಗೆದ್ದದ್ದರ ಮೇಲಲ್ಲ, ಆಡಲು ಒಳಗೆ ಹಾಕುವ ದುಡ್ಡಿನ ಮೇಲೆ. ಬಿಲ್ಲಿನಲ್ಲಿ ಕಾಣಿಸಲಿ, ಪ್ಯಾಕೇಜ್ ದರದಲ್ಲಿ ಅಡಗಿರಲಿ, ಕೊನೆಗೆ ಹೊರುವುದು ಆಡುವವನೇ. ಅದರ ಎದುರು 96 ಅಥವಾ 94 ಎಂದು ತಲೆ ಕೆಡಿಸಿಕೊಳ್ಳುವುದು ಸ್ವಲ್ಪ ತಮಾಷೆಯೇ. ಇನ್ನು ಗೆದ್ದರೆ ಆದಾಯ ತೆರಿಗೆ ಶೇ 30, ಅದರ ಮೇಲೆ ಸೆಸ್. ಇವತ್ತು 50,000 ಗೆದ್ದು ನಾಳೆ 60,000 ಕಳಕೊಂಡರೆ ಕೈಯಿಂದ 10,000 ಹೋಗಿದೆ, ಆದರೂ 50,000ದ ಮೇಲೆ 15,000 ತೆರಿಗೆ ಕಟ್ಟಬೇಕು. ಸೋತದ್ದನ್ನು ಗೆದ್ದದ್ದರಿಂದ ಕಳೆಯಲು ಬಿಡುವುದಿಲ್ಲ.

ಊರಲ್ಲೇ ಇದ್ದು ರೀಲು ತಿರುಗುವುದನ್ನು ನೋಡುವ ಆಸೆ ಇದ್ದರೆ ದುಡ್ಡಿಲ್ಲದ ಆಟಗಳಿವೆ. ಅದರಲ್ಲೂ ಒಂದು ಗುಟ್ಟು ಇದೆ. ಸುಮ್ನೆ ಕೊಟ್ಟ ಕಾಯಿನ್ ಮುಗಿದ ಮೇಲೆ 99 ರೂಪಾಯಿಗೆ ಇಷ್ಟು ಕೋಟಿ ಕಾಯಿನ್ ಎಂದು ಮಾರುತ್ತಾರೆ. ಆ ಕಾಯಿನ್ ಎಷ್ಟು ಗೆದ್ದರೂ ರೂಪಾಯಿಯಾಗಿ ತಿರುಗಿ ಬರುವುದಿಲ್ಲ. ಲೆಕ್ಕಕ್ಕೆ ಅದು ಆರ್‌ಟಿಪಿ ಸೊನ್ನೆ ಇರುವ ಸ್ಲಾಟ್, ನೆವಾಡಾದ 75 ಅದಕ್ಕಿಂತ ಎಷ್ಟೋ ವಾಸಿ. ಕಾಯಿನ್ ಕೊಳ್ಳದೆ ಆಡಿ, ಪಕ್ಕದಲ್ಲಿ ಒಂದು ಕಾಗದ ಇಟ್ಟುಕೊಳ್ಳಿ. ಹಾಕಿದ್ದು ಎಷ್ಟು, ಬಂದದ್ದು ಎಷ್ಟು, "ಗೆಲುವು" ಎಂದು ಹಾಡು ಬಂದಾಗ ನಿಜವಾಗಿ ಬೆಟ್‌ಗಿಂತ ಜಾಸ್ತಿ ಬಂದದ್ದು ಎಷ್ಟು ಸಲ ಎಂದು ಗೆರೆ ಎಳೆಯುತ್ತಾ ಹೋಗಿ. ನೂರು ಸ್ಪಿನ್‌ಗೆಲ್ಲ ಆರ್‌ಟಿಪಿ ಸಿಗುವುದಿಲ್ಲ, ಆದರೆ ಆ ಕೊನೆಯ ಗೆರೆಗಳ ಲೆಕ್ಕ ಸಿಗುತ್ತದೆ.